ಮೂರನೇ ಸಲದ ಸೆಟ್

ಯಲ್ಲದಕೆರೆಯಲ್ಲಿ ಸೆಟ್ ಅಂದರೆ ಯಾವ ಸೆಟ್ ಎಂದು ಕೇಳಬೇಕು. ನಮ್ಮಪ್ಪ ರಂಗಪ್ಪನಿಗೆ ಅದು ಕರೆಂಟ್ ಬಂದಾಗ ಓಡುವ ಪಂಪ್‌ಸೆಟ್. ಅವ್ವನಿಗೆ ಹಿರಿಯೂರು ಬಸ್‌ಸ್ಟ್ಯಾಂಡ್ ಹೋಟೆಲಿನ ಸೆಟ್ ದೋಸೆ. ಅಣ್ಣ ಬೀರೇಶನಿಗೆ ಕುದುರಿದ ಸಂಬಂಧ; ಪಾಪ, ಅವನಿಗಿನ್ನೂ ಯಾವುದೂ ಸೆಟ್ ಆಗಿಲ್ಲ. ನನಗೆ ಅದು ಕಾಲೇಜಿನಲ್ಲಿ ಪಾಠ ಮಾಡಲು ಬೇಕಾದ ಅರ್ಹತಾ ಪರೀಕ್ಷೆ. ಎರಡು ಸಲ ಡುಮ್ಕಿ ಹೊಡೆದಿದ್ದೆ.

ಹಿರಿಯೂರಿನ ಒಂದು ಕಾಲೇಜಿನಲ್ಲಿ ನಾನು ಇತಿಹಾಸದ ಅತಿಥಿ ಉಪನ್ಯಾಸಕಿ. ಈ ಸಲವೂ ಪಾಸಾಗದಿದ್ದರೆ ಮುಂದಿನ ವರ್ಷ ಕರೆಯಲಾಗುವುದಿಲ್ಲ ಎಂದು ಪ್ರಿನ್ಸಿಪಾಲರು ಮೆತ್ತಗೆ ಹೇಳಿದ್ದರು. ಮೆತ್ತಗೆ ಹೇಳಿದರೆ ಉರಿ ಕಡಿಮೆಯಾಗುತ್ತದೆಯೇ? ಆ ಕ್ಲಾಸ್‌ರೂಮು ಬಿಟ್ಟು ನನಗೆ ಬೇರೇನೂ ಬೇಕಿರಲಿಲ್ಲ. ನಾನು ಓದಿರಲಿಲ್ಲ ಅಂತಲ್ಲ. ಗೊತ್ತಿಲ್ಲದ ಪ್ರಶ್ನೆ ಬಂದರೆ ಅದರ ಜೊತೆ ಹಟಕ್ಕೆ ಬೀಳುತ್ತಿದ್ದೆ. ಗಂಟೆ ಹೊಡೆದಾಗ ಕೊನೆಯ ಮೂವತ್ತು ಪ್ರಶ್ನೆಗಳನ್ನು ಓದಿಯೇ ಇರುತ್ತಿರಲಿಲ್ಲ.

ಪರೀಕ್ಷೆಗೆ ಒಂದು ವಾರವಿತ್ತು. ಸಂಜೆ ಕುರಿಗಳು ಮೇದು ಬಂದ ಮೇಲೆ, ಮುಳ್ಳುಬೇಲಿಯ ರೊಪ್ಪದಲ್ಲಿ ಕೂಡಿಹಾಕಿದ್ದ ಮರಿಗಳನ್ನು ತಾಯಂದಿರ ಹತ್ತಿರ ಹಾಲಿಗೆ ಬಿಡಬೇಕು. ಯಾವುದರದೆಂದು ತಿಳಿಯದ ಒಂದು ಕರಿ ಮರಿಯನ್ನು ಎತ್ತಿಕೊಂಡು ನಾನು ಕುರಿಯಿಂದ ಕುರಿಗೆ ಅಲೆಯುತ್ತಿದ್ದೆ. ಒಂದೊಂದೂ ಮೂಸಿ ದೂರ ಸರಿಯುತ್ತಿತ್ತು. ಒಳಗಿದ್ದ ಮರಿಗಳೆಲ್ಲ ಹಸಿದು ಕಿರುಚುತ್ತಿದ್ದವು. ಅಪ್ಪನಿಗೆ ರೇಗಿತು.

“ಲೇ ಮಮತಾ, ಅದನ್ನ ಇಳಿಸು. ತಾಯಿ ಗೊತ್ತಿರೋವನ್ನ ಮೊದ್ಲು ಬಿಡು. ಅವೆಲ್ಲ ಕುಡಿಯಾಕೆ ನಿಂತ ಮ್ಯಾಲೆ ಉಳಿಯೋದು ನಾಕೈದು. ಆಗ ಸುಲಭ ಐತೆ.”

ಹಾಗೇ ಮಾಡಿದೆ. ಕೊನೆಗೆ ನಾಲ್ಕು ಮರಿ, ನಾಲ್ಕು ಕುರಿ ಉಳಿದವು. ಕರಿ ಮರಿಯ ತಾಯಿ ತಾನಾಗಿಯೇ ಬಂದು ನಿಂತಿತು.

ದಾವಣಗೆರೆಯ ಪರೀಕ್ಷಾ ಕೊಠಡಿಯಲ್ಲಿ ಏಳನೆಯ ಪ್ರಶ್ನೆಯಲ್ಲೇ ಸಿಕ್ಕಿಹಾಕಿಕೊಂಡೆ. ಹಳೇ ಹಟ ತಲೆ ಎತ್ತಿತು. ಇಳಿಸು ಎಂದುಕೊಂಡು ಮುಂದೆ ಹೋದೆ. ಗೊತ್ತಿದ್ದವನ್ನೆಲ್ಲ ಮುಗಿಸಿದಾಗ ಇನ್ನೂ ನಲವತ್ತು ನಿಮಿಷವಿತ್ತು. ಉಳಿದವನ್ನು ಒಂದೊಂದಾಗಿ ನಿಧಾನಕ್ಕೆ ನೋಡಿದೆ.

ಫಲಿತಾಂಶ ಬಂದ ದಿನ ಅಪ್ಪ ತೊಟ್ಟಿಗೆ ನೀರು ಬಿಡುತ್ತಿದ್ದ. ಪಾಸಾದೆ, ಇನ್ನು ನನ್ನ ಕ್ಲಾಸು ನನಗೇ ಎಂದೆ. ಅವನು ಮರಿ ಬಿಡುವ ರೀತಿಯಲ್ಲೇ ಪರೀಕ್ಷೆ ಬರೆದೆ ಎಂದೂ ಹೇಳಿದೆ. ಶಾಲೆಯ ಮೆಟ್ಟಿಲು ಹತ್ತದ ಅಪ್ಪ ಪೈಪು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದ.

“ಅಂಗಾದ್ರೆ ನಾನೂ ಪಾಸು ಅನ್ನು.”

ಹೌದಪ್ಪ, ಇಬ್ಬರೂ ಪಾಸು ಎಂದೆ. ಎರಡು ಸಲ ಫೇಲಾದಾಗಲೂ ಅವನೆದುರು ಅಳದವಳು ಅವತ್ತು ಅತ್ತುಬಿಟ್ಟೆ.