ಹೆಬ್ಬೆರಳು ಒರೆಸಿದ ಮರಳು

ನಾನು ಒಂದು ಪಿಸ್ತೂಲು. ಉಕ್ಕಿನ ತುಂಡನ್ನು ಕೊರೆದು, ಅರದಿಂದ ಉಜ್ಜಿ, ಕಪ್ಪು ಬಣ್ಣ ಕೊಟ್ಟು ನನ್ನನ್ನು ಮಾಡಿದರು. ಕೊನೆಯಲ್ಲಿ ನನ್ನನ್ನು ಒರೆಸಿದ ಹೆಂಗಸು ಪೆಟ್ಟಿಗೆ ಮುಚ್ಚುವ ಮೊದಲು, "ಹೋಗಿ ಬಾ" ಎಂದಳು. ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ.

ಆಗ ಸೈನ್ಯಕ್ಕೆಲ್ಲ ಒಂದೇ ಬಗೆಯ ಹೊಸ ಪಿಸ್ತೂಲು ಬೇಕಾಗಿತ್ತು. ಐದು ಕಾರ್ಖಾನೆಗಳಿಂದ ನಾವು ಐವರು ಪರೀಕ್ಷೆಗೆ ಬಂದೆವು. ಪಕ್ಷಪಾತ ಆಗಬಾರದೆಂದು ನಮ್ಮ ಹೆಸರುಗಳ ಮೇಲೆ ಪಟ್ಟಿ ಅಂಟಿಸಿ ನಂಬರು ಬರೆದರು. ನಾನು ಮೂರು.

ನಮ್ಮನ್ನು ನೋಡಿಕೊಳ್ಳುತ್ತಿದ್ದವರು ಹವಾಲ್ದಾರ್ ಬಾಳಪ್ಪ. ಬಾಗಲಕೋಟೆ ಕಡೆಯವರು, ಇಪ್ಪತ್ತಾರು ವರ್ಷ ಬಂದೂಕು ರಿಪೇರಿ ಮಾಡಿದವರು. ನಮ್ಮಿಂದ ಗುಂಡು ಹಾರಿಸುತ್ತಿದ್ದ ಸಿಪಾಯಿ ಸಂಗನಬಸು ಕೂಡ ಅದೇ ಕಡೆಯವನು. ರಜೆ ಮುಗಿಸಿ ಬರುವಾಗ ಬಾಳಪ್ಪನವರ ಹೆಂಡತಿ ಕಟ್ಟಿಕೊಟ್ಟ ಶೇಂಗಾ ಚಟ್ನಿಯನ್ನು ಅವನೇ ತರುತ್ತಿದ್ದ, ದಾರಿಯಲ್ಲಿ ಅರ್ಧ ತಿಂದೂ ಇರುತ್ತಿದ್ದ.

ನೀರಿನ ಪರೀಕ್ಷೆ, ಬೀಳಿಸುವ ಪರೀಕ್ಷೆ ಮುಗಿದವು. ಮರಳಿನ ಪರೀಕ್ಷೆ ಉಳಿದಿತ್ತು. ಮರಳಿನ ಪೆಟ್ಟಿಗೆಯಲ್ಲಿ ಹೂತು, ತೆಗೆದು, ಎರಡು ಸಲ ಕೊಡವಿ ಗುಂಡು ಹಾರಿಸಬೇಕು. ಬಟ್ಟೆಯಾಗಲಿ ಬೆರಳಾಗಲಿ ತಾಗಿಸಬಾರದು, ಅದು ನಿಯಮ.

ಬಾಳಪ್ಪನವರು ನನ್ನನ್ನು ತೆಗೆದರು, ಎರಡು ಸಲ ಕೊಡವಿದರು. ಆಮೇಲೆ ಅವರ ಹೆಬ್ಬೆರಳು ನನ್ನ ಮೇಲ್ಭಾಗದ ಸಣ್ಣ ಸಂದಿನ ಉದ್ದಕ್ಕೂ ಒಮ್ಮೆ ಹರಿಯಿತು. ಇಪ್ಪತ್ತಾರು ವರ್ಷದ ರೂಢಿ ಅದು, ಅವರಿಗೇ ತಿಳಿಯಲಿಲ್ಲ. ಪರೀಕ್ಷೆ ನಡೆಸುತ್ತಿದ್ದ ಮೇಜರ್ ಸಾಹೇಬರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ನೋಡಿದವನು ಸಂಗನಬಸು ಒಬ್ಬನೇ.

"ಏನ್ ಕಾಕಾ, ಅದಕ್ಕ ಜಳಕಾ ಮಾಡ್ಸಾಕತ್ತೀರಿ? ವರಾ ನೋಡಾಕ ಬರಾವ ಅದಾನೇನು?"

"ನಿನ್ನ ಕೈಯಾಗ ಕೊಡಬೇಕಲ್ಲೋ. ಸುಮ್ನ ಹೊಡಿ." ಕೊಡವಿದ್ದನ್ನೇ ಅವನು ಆಡಿಕೊಂಡನೆಂದು ಅವರು ತಿಳಿದರು.

ಐವರಿಗೂ ಅವರು ಹಾಗೆಯೇ ಮಾಡಿದ್ದರು. ಉಳಿದ ನಾಲ್ವರ ಸಂದು ಅಗಲ, ಅವರಿಗೆ ಅದು ಬೇಕಿರಲಿಲ್ಲ. ನನ್ನದು ಕಿರಿದು, ಮರಳು ಕೂತರೆ ಮೇಲ್ಭಾಗ ಸರಿಯದೆ ಗುಂಡು ಸಿಕ್ಕಿಕೊಳ್ಳುತ್ತದೆ. ನಾಲ್ಕೈದು ಮರಳಿನ ಕಣ ಒಳಗೆ ಚುಚ್ಚುತ್ತಿದ್ದವು. ಆ ಬೆರಳು ಅವನ್ನು ತೆಗೆದಾಗ ಹಾಯೆನಿಸಿತು. ಗೆಲ್ಲಬೇಕೆಂಬ ಆಸೆ ನನಗೂ ಇತ್ತು.

ಗುಂಡುಗಳೆಲ್ಲ ಹಾರಿದವು. ಹಗುರವಾಗಿದ್ದೆ, ಗುರಿಯೂ ನೆಟ್ಟಗಿತ್ತು. ನನ್ನನ್ನೇ ಆರಿಸಿದರು. ನನ್ನಂಥ ಸಾವಿರಾರು ಪಿಸ್ತೂಲುಗಳು ತಯಾರಾಗಿ ಸೈನಿಕರ ಸೊಂಟಕ್ಕೆ ಹೋದವು. ನಾನು ಮಾದರಿಯಾಗಿ ಆಯುಧಾಗಾರದಲ್ಲೇ ಉಳಿದೆ.

ಮರಳುಗಾಡಿನ ಗಡಿಗೆ ವರ್ಗವಾದ ದಿನ ಸಂಗನಬಸು ಹೋಗಿಬರುತ್ತೇನೆಂದು ಹೇಳಲು ಬಂದಿದ್ದ. ಸೊಂಟದಲ್ಲಿ ನನ್ನ ತಮ್ಮನೊಬ್ಬನಿದ್ದ. "ಕಾಕಾ, ನೀವು ಜಳಕಾ ಮಾಡ್ಸಿದ್ದಲ್ಲ, ಅದರ ಸಂತಾನ ಇದು" ಎಂದು ನಗಿಸಿ ಹೋದ.

ಎಂಟು ತಿಂಗಳ ನಂತರ ಆ ಪಿಸ್ತೂಲು ತಪಾಸಣೆಗೆ ಬಂತು. ಕಟ್ಟಿದ ಚೀಟಿಯಲ್ಲಿ ಸಂಗನಬಸುವಿನ ಹೆಸರಿತ್ತು. ಧೂಳಿನ ಬಿರುಗಾಳಿಯಲ್ಲಿ ಚೌಕಿಯ ಮೇಲೆ ದಾಳಿಯಾಗಿತ್ತು, ಅವನು ಬದುಕಿ ಉಳಿದಿರಲಿಲ್ಲ. ಬಾಳಪ್ಪನವರು ಮೇಜಿನ ಮೇಲೆ ಪಿಸ್ತೂಲನ್ನು ಬಿಚ್ಚಿದರು. ಅವನು ಹಾರಿಸಿದ್ದು ಒಂದೇ ಗುಂಡು. ಎರಡನೆಯದು ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ಸಂದಿನಲ್ಲಿ ಮರಳಿತ್ತು.

ರೂಢಿಯಂತೆ ಅದನ್ನು ಒರೆಸಿದ ತಮ್ಮ ಹೆಬ್ಬೆರಳನ್ನು ಅವರು ನೋಡಿದರು. ಜಳಕದ ಮಾತು ಈಗ ತಿಳಿಯಿತು.

ಮರುದಿನ ಮೇಜರ್ ಸಾಹೇಬರ ಎದುರು ನನ್ನನ್ನು ಮರಳಿನಲ್ಲಿ ಹೂತು, ತೆಗೆದು, ಎರಡು ಸಲ ಕೊಡವಿದರು. ಈ ಸಲ ಬೆರಳು ತಾಗಲಿಲ್ಲ. ಮೊದಲ ಗುಂಡು ಹಾರಿತು. ಎರಡನೆಯದನ್ನು ಹಾರಿಸಲು ನಾನು ಎಷ್ಟು ಒದ್ದಾಡಿದರೂ ಆಗಲಿಲ್ಲ.

"ಆವತ್ತು ನಾ ಒರಸಿದ್ದೆ ಸಾಹೇಬರ."

"ಯಾಕೆ ಒರೆಸಿದಿರಿ ಬಾಳಪ್ಪ?"

"ಗೊತ್ತಾಗ್ಲಿಲ್ರಿ. ಕೈ ತಾನಾಗೇ ಹೋತು."

ಅದನ್ನೇ ಬಾಳಪ್ಪನವರು ಬರೆದುಕೊಟ್ಟು ಸಹಿ ಮಾಡಿದರು. ಸೈನ್ಯದವರು ಎಲ್ಲ ಪಿಸ್ತೂಲುಗಳನ್ನೂ ವಾಪಸು ತರಿಸಿ ಸಂದು ಅಗಲ ಮಾಡಿದರು. ತಪ್ಪಿನ ಮಾದರಿಯೂ ಇರಲೆಂದು ನನ್ನನ್ನು ಮಾತ್ರ ಇದ್ದ ಹಾಗೆ ಮೂಲೆಯ ಕಪಾಟಿನಲ್ಲಿಟ್ಟರು.

ನೌಕರಿಯ ಕೊನೆಯ ದಿನ ಬಾಳಪ್ಪನವರು ಬಂದು ಕಪಾಟಿನ ಬಾಗಿಲು ತೆರೆದರು. ನನ್ನ ಮೇಲೆ, ಆ ಸಂದಿನ ಉದ್ದಕ್ಕೂ ಧೂಳು ಕೂತಿತ್ತು. ಹೆಬ್ಬೆರಳು ಎದ್ದು ನನ್ನ ಹತ್ತಿರ ಬಂತು. ಅಲ್ಲೇ ನಿಂತಿತು. ಅವರು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ಮೊಣಕೈಯಿಂದ ಬಾಗಿಲು ನೂಕಿ ಹೊರಟುಹೋದರು.

ಆ ಧೂಳು ಇನ್ನೂ ನನ್ನ ಮೇಲಿದೆ.