ಹೊನ್ನೆ ಸಸಿಗೆ ಕಳೆ ಅಂದರು

ಕಾಡಿಗೆ ಬಿದ್ದ ಬೆಂಕಿಯನ್ನು ಸೊಪ್ಪಿನಿಂದ ಬಡಿದು ಬಡಿದು ಆರಿಸಿ ಸೂಗಮ್ಮನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ರೊಟ್ಟಿ ಮುರಿದರೂ ಉರಿ. ಅದಕ್ಕೂ ಮೊದಲು ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ದುಡಿದು, ಆಸಿಡ್ ಹೊಗೆ ಕುಡಿದು ಉಸಿರು ಕೆಟ್ಟಿತ್ತು. ಕೆಮ್ಮುವವಳು ಬೇಡವೆಂದು ಅಲ್ಲಿಂದ ಹೊರಹಾಕಿದ್ದರು. ಯಾದಗಿರಿ ಕಡೆಯ ಆ ಹೆಂಗಸು ಹೈದರಾಬಾದಿನ ಅಂಚಿನ ಸರ್ಕಾರಿ ಕಾಡಿಗೆ ದಿನಗೂಲಿಗೆ ಸೇರಿದಳು. ಕಾಡಂಚಿನ ತಗಡಿನ ಗುಡಿಸಲೇ ಮನೆ.

ಅಲ್ಲಿ ಮುದಿ ಹೊನ್ನೆ ಮರಗಳಿದ್ದವು. ಸಕ್ಕರೆ ಕಾಯಿಲೆಗೆ ಮದ್ದೆಂದು ಜನ ಚೆಕ್ಕೆ ಕೆತ್ತಿ ಅವನ್ನು ಅರೆಜೀವ ಮಾಡಿದ್ದರು. ಬೀಜ ಉದುರುತ್ತಿತ್ತು. ದನ ತುಳಿದು, ಬೆಂಕಿ ಬಿದ್ದು ಒಂದು ಸಸಿಯೂ ಉಳಿಯುತ್ತಿರಲಿಲ್ಲ. ಸೂಗಮ್ಮ, ಯಂಕಮ್ಮ ಮತ್ತು ಜೊತೆಯ ಕೂಲಿ ಹೆಂಗಸರು ಮುಳ್ಳುಬೇಲಿ ಕಟ್ಟಿದರು. ಬೇಸಿಗೆಯಿಡೀ ಬೆಂಕಿ ಬೀಳದಂತೆ ಕಾದರು. ಯಾರೂ ನೆಡದೆ ಸಸಿಗಳು ತಾವೇ ಎದ್ದವು. ಈಗ ಮೊಣಕಾಲೆತ್ತರ.

ಅಷ್ಟರಲ್ಲಿ ಗಾಜಿನ ಕಟ್ಟಡಗಳು ಕಾಡಿನ ಬೇಲಿಯವರೆಗೆ ಬಂದಿದ್ದವು. ಒಂದು ಸಾಫ್ಟ್‌ವೇರ್ ಕಂಪನಿಗೆ ಈ ಕಾಡೇ ಬೇಕಾಯಿತು.

ಒಂದು ಮುಂಜಾನೆ ಮೇಸ್ತ್ರಿ ಮಲ್ಲಿಕಾರ್ಜುನ ಬಂದ.

“ಇವತ್ತು ಕಳೆ ಕೀಳೂದೈತಿ. ಮರದ ಕೆಳಗಿನ ಸಣ್ಣವೆಲ್ಲಾ ಕಿತ್ತು ಒಗೀರಿ.”

“ಅವು ಹೊನ್ನಿ ಸಸಿ ಅದಾವಲ್ರೀ!” ಎಂದಳು ಯಂಕಮ್ಮ.

“ರೇಂಜರ್ ಸಾಹೇಬ್ರು ಕಳೆ ಅಂದ್ರ ಕಳೆ. ಕಾಡು ಕೊಡೂದೋ ಬ್ಯಾಡೋ ಅಂತ ನಾಳೆ ದಿಲ್ಲಿ ಅಧಿಕಾರಿಗಳು ನೋಡಾಕ ಬರ್ತಾರ. ಇಲ್ಲಿ ಹೊಸಾ ಗಿಡ ಹುಟ್ಟಂಗಿಲ್ಲ, ಕಾಡು ಸತ್ತೈತಿ ಅಂತ ತೋರಿಸಬೇಕಂತ. ಆಮ್ಯಾಲ ಜಾಗಾ ಕಂಪನಿಗೆ.” ದನಿ ತಗ್ಗಿಸಿದ. “ನಾನೂ ಹೊಟ್ಟಿಪಾಡಿನಾಂವ, ಯವ್ವಾ.”

ಸೂಗಮ್ಮ ಕುಡಗೋಲನ್ನು ಅವನ ಕಾಲ ಬಳಿ ಒಗೆದಳು.

“ಹುಟ್ಟಿದ ಕೂಸಿನ ಕುತ್ತಿಗಿ ಹಿಚುಕಿ, ತಾಯಿ ಬಂಜಿ ಅಂತ ಹೇಳಾಕತ್ತಾರೇನು? ನಿಮ್ಮ ಸಾಹೇಬ ಬಂದು ತಾನೇ ಕೀಳಲಿ!”

ಒಬ್ಬ ಹೆಂಗಸೂ ಬಗ್ಗಲಿಲ್ಲ.

ಮಧ್ಯಾಹ್ನ ಜೆಸಿಬಿ ಬಂತು. ಮೊದಲು ಸೂಗಮ್ಮನ ಗುಡಿಸಲು ಕೆಡವಿತು. ಹಿಟ್ಟಿನ ಡಬ್ಬಿ, ಹಾಸಿಗೆ ಮಣ್ಣುಪಾಲಾದವು. ರೇಂಜರ್ ಜೀಪಿನಿಂದ ಇಳಿಯಲೂ ಇಲ್ಲ. “ನಿಕಾಲೋ ಇನ್ಕೋ! ಹೊರಗೆ ಹಾಕಿ ಇವರನ್ನ!” ಎಂದು ಒದರಿದ. ಯಂತ್ರ ಬೇಲಿ ಮುರಿದು ಒಂದು ಬದಿಯ ಸಸಿಗಳನ್ನು ಅರೆಯಿತು. ಹೆಂಗಸರು ಓಡಿಹೋಗಿ ಉಳಿದ ಸಸಿಗಳ ಮುಂದೆ ಮಲಗಿಬಿಟ್ಟರು. ಸೂಗಮ್ಮನ ತಲೆಯ ಹತ್ತಿರವೇ ಚಕ್ರ ನಿಂತಿತು. ಡ್ರೈವರ್ ಇಂಜಿನ್ ಆರಿಸಿ, ಬೆವರುತ್ತ ಕೆಳಗಿಳಿದು ಹೋದ.

ಹೆಂಗಸರು ರಾತ್ರಿಯಿಡೀ ಅಲ್ಲಿಂದ ಕದಲಲಿಲ್ಲ.

ಮರುದಿನ ಬೆಳಿಗ್ಗೆ ದಿಲ್ಲಿಯವರ ಕಾರು ಬಂತು. ಕಿಟಕಿಯ ಗಾಜು ಅರ್ಧ ಇಳಿಯಿತು. ರೇಂಜರ್ ಬಗ್ಗಿ ಹೇಳಿದ, “ಹೊಸ ಸಸಿ ಒಂದೂ ಇಲ್ಲ, ಸರ್.”

“ಇಲ್ಲೈತಿ!” ಸೂಗಮ್ಮ ಎದ್ದು ನಿಂತಳು.

“ಇಲ್ಲೂ ಐತಿ!” ಯಂಕಮ್ಮ ಎದ್ದಳು.

“ಇಲ್ನೋಡ್ರಿ!” “ಇಲ್ಲೂ!” ಕಾಡಿನ ತುಂಬ ದನಿ ಎದ್ದಿತು.

ಒಳಗಿದ್ದ ಅಧಿಕಾರಿ ಗಡಿಯಾರ ನೋಡಿಕೊಂಡ. ಗಾಜು ಮೇಲೇರಿತು. ಕಾರು ಹಿಂದಕ್ಕೆ ತಿರುಗಿತು.

ಅಷ್ಟರಲ್ಲಿ ಹೆಂಗಸರು ದಾರಿಗೆ ಬಂದಿದ್ದರು. ಸೂಗಮ್ಮ ಬಾನೆಟ್ಟಿನ ಮೇಲೆ ಗುದ್ದಿದಳು.

“ಉತರೋ ಸಾಬ್! ಇಳೀರಿ ಕೆಳಗ! ನೋಡದ ಹೆಂಗ ಹೋಗ್ತೀರಿ?”

ಹಾರ್ನ್ ಒಂದೇ ಸಮನೆ ಕಿರುಚಿತು. ಯಾರೂ ದಾರಿ ಬಿಡಲಿಲ್ಲ.