ವಕೀಲರ ಕೋಟು

ಮುಂದಿನ ಕೋಣೆ ಲಾಂಡ್ರಿ, ಹಿಂದಿನ ಕೋಣೆ ಸಂಸಾರ, ನಡುವೆ ಒಂದು ಪರದೆ. ಈಚೆಗೆ ಊರವರ ಬಟ್ಟೆ, ಆಚೆಗೆ ಇವರ ಬದುಕು. ಪರದೆ ಯಾವತ್ತೂ ಅರ್ಧ ಸರಿದೇ ಇರುತ್ತಿದ್ದುದರಿಂದ ಊರವರ ಬಟ್ಟೆ ಇವರ ಹಾಸಿಗೆಯ ಮೇಲೂ, ಇವರ ಪಾತ್ರೆ ಪಡಗ ಊರವರ ಬಟ್ಟೆಯ ಪಕ್ಕದಲ್ಲೂ ಸಲೀಸಾಗಿ ಓಡಾಡಿಕೊಂಡಿದ್ದವು. ಅಮ್ಮ ಒಗೆಯುವವಳು, ಅಪ್ಪ ಇಸ್ತ್ರಿ ಹಾಕುವವನು, ಅಕ್ಕ ಗುಂಡಿ ಹೊಲಿದು ಮಡಚುವವಳು. ಕಿರಿಯವಳಿಗೆ ಗಿರಾಕಿಗಳಿಂದ ಬಟ್ಟೆ ಇಸಿದುಕೊಂಡು ವಿಂಗಡಿಸುವ ಕೆಲಸ. ಅವಳಿಗೆ ಇನ್ನೊಂದು ಕೆಲಸವೂ ಇತ್ತು, ಅದನ್ನು ಮನೆಯವರು ಹುಚ್ಚು ಅನ್ನುತ್ತಿದ್ದರು. ಅವಳು ಕತೆ ಬರೆಯುತ್ತಿದ್ದಳು.

ಆ ಹುಚ್ಚು ಹತ್ತಿಸಿದ್ದು ಸೈಕಲ್ ಅಂಗಡಿಯ ಮಹಡಿಯ ಮೇಲೆ ಭಾನುವಾರ ಸೇರುತ್ತಿದ್ದ ಓದುಗರ ಬಳಗ. ಬಸ್ ಡ್ರೈವರ್ ಒಬ್ಬ, ಆಸ್ಪತ್ರೆಯ ನರ್ಸ್ ಒಬ್ಬಳು, ಗಾರೆ ಕೆಲಸದವರು, ಗುಮಾಸ್ತರು, ಕೆಲಸ ಕಳೆದುಕೊಂಡವರು, ಎಲ್ಲರೂ ಚಾಪೆಯ ಮೇಲೆ ಮಂಡಿ ತಾಗಿಸಿಕೊಂಡು ಕೂತು ಓದುತ್ತಿದ್ದರು, ಜಗಳ ಕಾಯುತ್ತಿದ್ದರು. ಬಳಗ ಕಟ್ಟಿದವರು ವಕೀಲರು. ಬಡವರ ಮೊಕದ್ದಮೆಗಳನ್ನು ಮೈಮೇಲೆ ಎಳೆದುಕೊಂಡು ವಾದಿಸುವ ಮನುಷ್ಯ, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಭಾನುವಾರವೂ ಕಪ್ಪು ಕೋಟು ಬಿಚ್ಚುತ್ತಿರಲಿಲ್ಲ. ಸಂಘರ್ಷ ಅನ್ನುವ ಪದ ಬಾಯಿಗೆ ಬಂದಾಗಲೆಲ್ಲ ಆ ಕೋಟಿನ ಎರಡೂ ಅಂಚು ಹಿಡಿದು ಜಗ್ಗಿಕೊಳ್ಳುತ್ತಿದ್ದರು.

ಆ ಭಾನುವಾರ ಕಿರಿಯವಳು ಗಿರಣಿ ಮಾಲೀಕನ ಕತೆ ಓದಿದಳು. ಕಾರ್ಮಿಕರು ಗೇಟಿನ ಮುಂದೆ ಕೂಗುತ್ತಿದ್ದಾರೆ, ಒಳಗೆ ಮಾಲೀಕ ಹಲ್ಲು ಕಡಿಯುತ್ತಿದ್ದಾನೆ. ಅವಳ ದನಿ ಏರಿತು: “ಮಾಲೀಕ ಕೋಪದಿಂದ ಕೋಟು ಬಿಚ್ಚಿದ. ಒಂದೊಂದೇ ಜೇಬು ಹೊರಗೆಳೆದು ಕೊಡವಿ, ಕಾಲರ್ ಮೂಸಿ ನೋಡಿ, ಕುರ್ಚಿಯ ಮೇಲೆ ಒಗೆದ.”

ಡ್ರೈವರ್ ಕೈ ಎತ್ತಿದ. “ಅಲ್ಲ ತಂಗಿ, ಇವನು ಗಿರಣಿ ಮಾಲೀಕನೋ ಜೇಬುಗಳ್ಳನೋ?”

ಚಾಪೆಗೆ ಚಾಪೆಯೇ ನಕ್ಕಿತು. ನರ್ಸ್ ಕಣ್ಣೊರೆಸಿಕೊಳ್ಳುತ್ತಾ, “ಹೋದ ಸಲದ ಕತೇಲಿ ಪ್ರೇಮಿ ಬಂದಿದ್ನಲ್ಲ, ಅವನೂ ಹಾಗೇ ಕಣ್ರೀ! ಹುಡುಗಿ ತಬ್ಕೊಳೋಕೆ ಬಂದ್ರೆ ಮೊದಲು ಅವಳ ಜೇಬು ಖಾಲಿ ಮಾಡ್ದ!” ಅಂದಳು.

ಕಿರಿಯವಳ ಕಿವಿ ಇಸ್ತ್ರಿ ಪೆಟ್ಟಿಗೆಯಷ್ಟು ಕಾದವು. ಬರೆದ ಹಾಳೆಗಳನ್ನು ಮನಸ್ಸಿನಲ್ಲೇ ತಿರುವಿ ನೋಡಿದಳು. ಮಂತ್ರಿ, ಕಳ್ಳ, ಸಾಯುತ್ತಿದ್ದ ಮುದುಕ, ಯಾರೂ ಬಾಕಿಯಿಲ್ಲ. ಎಲ್ಲರೂ ಜೇಬು ಹೊರಗೆಳೆದವರೇ, ಕಾಲರ್ ಮೂಸಿದವರೇ. ಬಟ್ಟೆ ಕೈಗೆ ಬಂದ ಕೂಡಲೇ ಜೇಬು ನೋಡು, ಕಾಲರ್ ನೋಡು, ಆಮೇಲೆ ನೀರು ತೋರಿಸು ಎಂದು ಅಮ್ಮ ಹೇಳಿಕೊಟ್ಟದ್ದು ಕೈಯೊಳಗೆ ಇಳಿದುಬಿಟ್ಟಿತ್ತು. ಕಂಡೇ ಇರದ ಬಂಗಲೆಗಳ ಬಗ್ಗೆ ಅವಳು ಬರೆಯುತ್ತಿದ್ದರೆ ಲಾಂಡ್ರಿ ಪೆನ್ನಿನ ತುದಿಯಲ್ಲಿ ಕೂತು ಅಣಕಿಸುತ್ತಿತ್ತು.

ಮೆಟ್ಟಿಲಿಳಿಯುವಾಗ ವಕೀಲರು ತಡೆದು ನಿಲ್ಲಿಸಿದರು. “ಬೇಜಾರು ಮಾಡ್ಕೋಬೇಡಮ್ಮ. ನಮ್ಮ ಬಳಗದ ಈ ವರ್ಷದ ಕಥಾಸಂಕಲನಕ್ಕೆ ನಿನ್ನದೊಂದು ಕತೆ ಬೇಕೇ ಬೇಕು. ಆದ್ರೆ ಗಿರಣಿ ಗಿರಣಿ ಅಂತ ಯಾಕೆ ಒದ್ದಾಡ್ತೀಯಾ? ನಿನ್ನ ಮನೇದು ಬರಿ. ಬೇರಿಂದ ಬರಿ! ಯಾರ ಮುಲಾಜೂ ನೋಡ್ಬೇಡ.”

ಹಾಗೆಂದು ಕೋಟಿನ ಅಂಚು ಜಗ್ಗಿದರು. ಕಿರಿಯವಳು ಆ ಕೋಟನ್ನೇ ನೋಡುತ್ತಾ ನಿಂತಳು. ಮುಲಾಜು ನೋಡಬೇಡ ಅನ್ನುವವರಿಗೆ ಯಾರ ಮುಲಾಜೂ ಇರುವುದಿಲ್ಲ, ಆದ್ದರಿಂದ ಅವರಿಗೆ ಆ ಮಾತು ಸಲೀಸು. ಇವಳ ಮನೆ ನಿಂತಿರುವುದೇ ಗಿರಾಕಿಗಳ ಮುಲಾಜಿನ ಮೇಲೆ. ಅದರಲ್ಲೂ ಈ ಗಿರಾಕಿಯ ಮುಲಾಜಿನ ಮೇಲೆ. ಇವರ ಮನೆಯ ಬಟ್ಟೆ, ಇವರ ಆಫೀಸಿನ ಕಿರಿಯ ವಕೀಲರ ಬಟ್ಟೆ, ಎಲ್ಲವೂ ಪ್ರತಿ ಸೋಮವಾರ ಅವಳ ಮನೆಯ ಲಾಂಡ್ರಿಗೇ ಬರುತ್ತಿದ್ದವು. ಮನೆಯದು ಎಂದು ಬರೆಯಲು ಅವಳ ಬಳಿ ಒಂದು ಕತೆ ಇತ್ತು. ಆ ಕತೆಯಲ್ಲಿ ಇದೇ ಕೋಟು ಇತ್ತು.

ಆ ಮನೆಯಲ್ಲಿ ಯಾವ ಗಿರಾಕಿಗೂ ತಿಳಿಯದ ಒಂದು ಪದ್ಧತಿ ಉಂಟು. ಇಸ್ತ್ರಿಯಾದ ಬಟ್ಟೆಯನ್ನು ಮಡಚುವ ಮೊದಲು ಒಮ್ಮೆ ಮೈಗೆ ಹಾಕಿ ನೋಡುವುದು. ಕೋಟು ಹೇಗೆ ಕೂರುತ್ತದೆ, ನೆರಿಗೆ ಹೇಗೆ ಬೀಳುತ್ತದೆ ಎನ್ನುವುದು ಮೇಜಿನ ಮೇಲೆ ತಿಳಿಯುವುದಿಲ್ಲ, ಮೈಮೇಲೆ ತಿಳಿಯುತ್ತದೆ ಎನ್ನುವುದು ಅಪ್ಪನ ವಾದ. ಅಜ್ಜನ ಕಾಲದಿಂದ ಬಂದ ರೂಢಿಯಂತೆ. ಕೆಲಸಕ್ಕೆಂದು ಶುರುವಾದದ್ದು ಯಾವಾಗಲೋ ಆಟವಾಗಿತ್ತು. ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಅಕ್ಕ ಯಾರದೋ ಮದುವೆಯ ಉಡುಪು ತೊಟ್ಟು ಬೀಗುತ್ತಾ ನಡೆಯುವಳು, ಅಮ್ಮ ಡಾಕ್ಟರರ ಬಿಳಿ ಕೋಟು ಹಾಕಿ ಅಪ್ಪನ ನಾಡಿ ಹಿಡಿದು, “ನಿಮಗೆ ಬಂದಿರೋದು ಸೋಮಾರಿತನ, ಮದ್ದಿಲ್ಲ” ಅನ್ನುವಳು. ಅಪ್ಪನಿಗೆ ಮಾತ್ರ ವಕೀಲರ ಕೋಟೇ ಆಗಬೇಕು. ಅದನ್ನು ಹಾಕಿದ ಕೂಡಲೇ ಅವನ ಬೆನ್ನು ನೆಟ್ಟಗಾಗುತ್ತಿತ್ತು, ಗಂಟಲು ಬದಲಾಗುತ್ತಿತ್ತು. “ಮಹಾಸ್ವಾಮಿ, ಈ ಹೆಂಗಸು ಸಾಬೂನು ಮುಗಿಸಿ ತಪ್ಪು ನನ್ನ ಮೇಲೆ ಹೇರ್ತಿದ್ದಾಳೆ” ಎಂದು ಗೋಡೆಯ ಗಡಿಯಾರದ ಮುಂದೆ ವಾದಿಸುತ್ತಿದ್ದ. ಬೇರೆಯವರ ತೋಳಿನೊಳಗೆ ತನ್ನ ತೋಳು ತೂರಿಸಿ ನಿಂತರೆ ಏನಾಗುತ್ತದೆ ಎನ್ನುವುದನ್ನು ಕಿರಿಯವಳು ಕಲಿತದ್ದು ಪುಸ್ತಕದಿಂದಲ್ಲ.

ಹೀಗೆ ಅಪ್ಪ ಕೋಟಿನಲ್ಲಿದ್ದ ಒಂದು ಸಂಜೆ ಬಾಗಿಲು ತಳ್ಳಿಕೊಂಡು ನೈರ್ಮಲ್ಯ ಕಚೇರಿಯ ಸಾಹೇಬ ಬಂದ. ಲಾಂಡ್ರಿಯ ನೀರು ಬೀದಿಯ ಚರಂಡಿ ಸೇರುತ್ತಿದೆ, ಅಂಗಡಿಗೆ ಬೀಗ ಜಡಿಯುತ್ತೇನೆ ಎಂದು ಗದರಿಸಲು ಬಂದವನು, ಕಪ್ಪು ಕೋಟು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟ. “ಸಾರ್, ತಾವು ಇಲ್ಲಿ...?” ಅಂದ. ಅಪ್ಪ ಬಗ್ಗಲು ನೋಡಿದ, ಆದರೆ ಕೋಟು ಬಿಡಲಿಲ್ಲ. “ಏನು ವಿಷಯ, ಹೇಳಿ” ಅಂದ. ಸಾಹೇಬ ಪೂರ್ತಿ ಬಹುವಚನದಲ್ಲಿ, ಚರಂಡಿ ಎಲ್ಲರದೂ ಹಾಗೇ ಇದೆ ಸಾರ್, ಇವರೊಬ್ಬರನ್ನೇ ದೂರುವಂತಿಲ್ಲ ಸಾರ್, ಸುಮ್ಮನೆ ನೋಡಿ ಹೋಗೋಣ ಅಂತ ಬಂದೆ ಸಾರ್ ಎಂದು ಹಿಂದಕ್ಕೆ ಹೆಜ್ಜೆ ಹಾಕಿ ಹೋದ. ಮರುದಿನ ಅದೇ ಸಾಹೇಬ ಮತ್ತೆ ಬಂದ. ಅಪ್ಪ ಬನಿಯನ್ನಿನಲ್ಲಿದ್ದ. ಸಾಹೇಬನಿಗೆ ಗುರುತೇ ಸಿಗಲಿಲ್ಲ. “ಲೇ, ಯಾವನೋ ಇದರ ಯಜಮಾನ? ಎದ್ದು ಬಾರೋ ಈಚೆ!” ಅಂದ. ಅದೇ ಮುಖ, ಅದೇ ಮೀಸೆ. ಅಪ್ಪ ಕೈ ಕಟ್ಟಿ ನಿಂತ.

ಮನೆಯವರು ಈ ಪ್ರಸಂಗವನ್ನು ನೆನೆಸಿಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು. ಕಿರಿಯವಳೂ ನಗುತ್ತಿದ್ದಳು. ಆದರೆ ನಗು ಮುಗಿದ ಮೇಲೂ ಅವಳ ಕಿವಿಯಲ್ಲಿ ಮಾತ್ರ ಆ “ಲೇ” ಉಳಿಯುತ್ತಿತ್ತು. ಒಂದು ಗಜ ಕಪ್ಪು ಬಟ್ಟೆಗೆ ಸಿಗುವ ಮರ್ಯಾದೆ ಅದರೊಳಗಿನ ಮನುಷ್ಯನಿಗೆ ಸಿಗುವುದಿಲ್ಲ ಎನ್ನುವುದನ್ನು ಅವಳು ಯಾವ ಭಾಷಣದಲ್ಲೂ ಕೇಳಬೇಕಾಗಿರಲಿಲ್ಲ.

ಬರೆಯಲು ಕೂತಾಗ ಪೆನ್ನು ಓಡಿತು. ಈ ಸಲ ಜೇಬು ನೋಡುವವರು ನೋಡಬೇಕಾದವರೇ ಆಗಿದ್ದರು. ಬರೆದದ್ದನ್ನು ಮಧ್ಯಾಹ್ನ ಊಟವಾದ ಮೇಲೆ ಮನೆಯವರಿಗೆ ಓದಿ ಹೇಳಿದಳು. ಅಮ್ಮನ ಮುಖದ ನಗು ಅರ್ಧಕ್ಕೇ ಆರಿತು.

“ಇದನ್ನ ಆ ವಕೀಲರ ಎದುರಿಗೇ ಓದ್ತೀಯಾ? ನಾವು ಅವರ ಬಟ್ಟೆ ಹಾಕ್ಕೋತೀವಿ ಅಂತ? ನಿನಗೇನು ತಲೆ ನೆಟ್ಟಗಿದೆಯಾ? ನಾಳೆಯಿಂದ ಯಾರು ಬಟ್ಟೆ ತಂದು ಹಾಕ್ತಾರೆ ನಮಗೆ?”

“ಡಾಕ್ಟ್ರ ಕೋಟು ಅಂತ ಮಾಡೇ” ಎಂದಳು ಅಕ್ಕ. “ಯಾರಿಗೂ ನೋವಿಲ್ಲ.”

“ಡಾಕ್ಟ್ರಿಗೆ ಯಾವ ಸಾಹೇಬ ಹೆದರ್ತಾನೆ? ಬಿಳಿ ಕೋಟು ಕಂಡ್ರೆ ಕೆಮ್ಮು ಬಂದಿದೆ ಅಂತ ಕೂತ್ಕೋತಾನೆ. ಕತೆ ಅಲ್ಲೇ ಸತ್ತುಹೋಗುತ್ತೆ” ಎಂದಳು ಕಿರಿಯವಳು.

“ಕತೆ ಸತ್ರೆ ಸಾಯಲಿ, ನಾವು ಬದುಕಬೇಕಲ್ಲ” ಅಂದಳು ಅಮ್ಮ.

ಅಪ್ಪ ಅಷ್ಟೊತ್ತೂ ಒಂದು ಅಂಗಿಯ ತೋಳನ್ನು ತಿಕ್ಕುತ್ತಲೇ ಇದ್ದ. ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಹೇಳಿದ: “ನಾನು ಅವತ್ತು ಯಾವ ತಪ್ಪೂ ಮಾಡ್ಲಿಲ್ಲ. ಕೋಟು ಹಾಕ್ಕೊಂಡು ನನ್ನ ಮನೇಲಿ ನಾನು ನಿಂತಿದ್ದೆ. ಸಾರ್ ಅಂದೋನು ಅವನು, ಲೇ ಅಂದೋನೂ ಅವನು. ಓದಲಿ ಬಿಡೇ. ನಾನೂ ಬರ್ತೀನಿ ಕೇಳೋಕೆ.”

“ನೀವಿಬ್ಬರೂ ಸೇರ್ಕೊಂಡು ಮನೆ ಮುಳುಗಿಸಿ” ಎಂದಳು ಅಮ್ಮ. ಆದರೂ ಭಾನುವಾರ ಅಪ್ಪನ ಅಂಗಿಯನ್ನು ಅವಳೇ ತೆಗೆದಿಟ್ಟಳು, ಗಿರಾಕಿಯದಲ್ಲ, ಅವನ ಸ್ವಂತದ್ದು.

ಮಹಡಿಯ ಮೇಲೆ ಕಿರಿಯವಳು ಮೆಲುದನಿಯಲ್ಲೇ ಓದತೊಡಗಿದಳು. ಸಾಹೇಬ ಹಿಂದಕ್ಕೆ ಹೆಜ್ಜೆ ಹಾಕಿದ ಕಡೆ ಜನ ಬಿದ್ದು ಬಿದ್ದು ನಕ್ಕರು, ದನಿ ಗಟ್ಟಿಯಾಯಿತು. “ಲೇ” ಎನ್ನುವ ಕಡೆ ನಗು ಥಟ್ಟನೆ ನಿಂತಿತು. ಡ್ರೈವರ್ ತಲೆ ಎತ್ತಲಿಲ್ಲ. ಅವನಿಗೂ ಯಾರೋ ಎಲ್ಲೋ ಹಾಗೆ ಅಂದಿರಬೇಕು.

ಅವಳು ಮುಗಿಸಿ ವಕೀಲರ ಕಡೆ ನೋಡಿದಳು. ಅವರ ಬಲಗೈ ತಾನೇ ತಾನಾಗಿ ಮೇಲೆದ್ದು, ಕೋಟಿನ ತೋಳು ಮೂಗಿನ ಹತ್ತಿರ ಹೋಗಿತ್ತು. ಬಡವರಿಗಾಗಿ ಇಡೀ ಆಯುಷ್ಯ ವಾದಿಸಿದ ಮನುಷ್ಯ ತನ್ನ ತೋಳನ್ನು ಮೂಸುತ್ತಿದ್ದ. ಅದನ್ನು ಅವಳು ಕಂಡಳು, ಅವಳು ಕಂಡದ್ದನ್ನು ಅವರೂ ಕಂಡರು. ಕೈ ಸರಕ್ಕನೆ ಕೆಳಗಿಳಿಯಿತು.

“ಇದೇ ಕೋಟಾ?” ಎಂದು ಕೇಳಿದರು.

“ಹೌದು ಸಾರ್, ಅದೇ.”

“ನಿಜ ಬರಿ ಅಂದಿದ್ದೆ... ಇಷ್ಟು ಹತ್ತಿರದ ನಿಜ ಅಂದ್ಕೊಂಡಿರ್ಲಿಲ್ಲ.”

ಒಂದಿಬ್ಬರು ನಕ್ಕರು. ಹಿಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತ. “ಸ್ವಾಮಿ, ಹಾಕಿ ನೋಡಿದ ಮೇಲೆ ಮತ್ತೆ ಒಗೆದೇ ಕೊಟ್ಟಿದ್ದೀವಿ. ಎರಡನೇ ಸಲದ್ದು ಬಿಟ್ಟಿ.” ಈಗ ಎಲ್ಲರೂ ನಕ್ಕರು, ವಕೀಲರೂ ನಗಲು ನೋಡಿದರು. ಆದರೆ ತುಟಿ ಮಾತು ಕೇಳಲಿಲ್ಲ.

“ಕತೆ ಚೆನ್ನಾಗಿದೆ” ಎಂದರು. “ಸಂಕಲನಕ್ಕೆ ಹಾಕೋಣ. ವಕೀಲ ಅನ್ನೋ ಕಡೆ ಒಬ್ಬ ದೊಡ್ಡ ಮನುಷ್ಯ ಅಂತ ಮಾಡಿದ್ರೆ ಸಾಕು. ಕತೆಗೇನೂ ಧಕ್ಕೆ ಇಲ್ಲ.”

ಕಿರಿಯವಳು ಲೆಕ್ಕ ಹಾಕಿದಳು. ಅಷ್ಟು ಒಪ್ಪಿಕೊಂಡರೆ ಪುಸ್ತಕದಲ್ಲಿ ಕತೆ ಉಳಿಯುತ್ತದೆ, ಅಂಗಡಿಗೆ ಗಿರಾಕಿಯೂ ಉಳಿಯುತ್ತಾನೆ. ಆದರೆ ದೊಡ್ಡ ಮನುಷ್ಯ ಅಂದರೆ ಯಾರು? ಗಿರಣಿ ಮಾಲೀಕ, ಮಂತ್ರಿ, ಅವಳ ಕಣ್ಣಿಗೆ ಎಂದೂ ಬಿದ್ದಿರದ ಯಾರೋ ಒಬ್ಬ. ಮತ್ತೆ ಅದೇ ಬಂಗಲೆಗೆ ಹೋಗಿ ಕೂತಂತೆ.

“ಇಲ್ಲ ಸಾರ್. ವಕೀಲ ಅಂತಲೇ ಇರಬೇಕು. ಇಲ್ಲದಿದ್ರೆ ಕತೆ ವಾಪಸ್ ಕೊಟ್ಬಿಡಿ.”

“ಏನಮ್ಮಾ, ನನಗೇ ಎದುರು ವಾದನಾ?”

“ವಾದ ಮಾಡೋದು ಅವಳು ನಿಮ್ಮ ಹತ್ರಾನೇ ಕಲಿತಿದ್ದು” ಎಂದಳು ನರ್ಸ್, ಕೂತಲ್ಲಿಂದಲೇ.

“ಯೋಚನೆ ಮಾಡ್ತೀನಿ” ಎಂದು ವಕೀಲರು ಎದ್ದು ಹೋದರು. ಅಪ್ಪ ಮಗಳು ಮನೆಯ ದಾರಿ ಹಿಡಿದರು. ಮನೆ ತಿರುವಿನಲ್ಲಿ ಅಪ್ಪ, “ಲೇ ಅಂದ ಜಾಗ ಚೆನ್ನಾಗಿ ಓದಿದೆ ಕಣೇ. ಆ ಸಾಹೇಬನಿಗಿಂತ ಜೋರಾಗಿ ಅಂದೆ” ಅಂದ.

ಸೋಮವಾರ ವಕೀಲರ ಮನೆಯ ಗಂಟು ಬರಲಿಲ್ಲ. ಅಮ್ಮನ ಪರವಾಗಿ ಪಾತ್ರೆಗಳು ಎಲ್ಲವನ್ನೂ ಹೇಳಿದವು. ಮಂಗಳವಾರವೂ ಬರಲಿಲ್ಲ. ಕಿರಿಯವಳು ಬಟ್ಟೆ ವಿಂಗಡಿಸುವ ಮೂಲೆಯಲ್ಲಿ ಖಾಲಿ ಬುಟ್ಟಿ ಕಂಡಾಗಲೆಲ್ಲ ಅದನ್ನು ಕಾಲಿನಿಂದ ಮೇಜಿನ ಕೆಳಗೆ ಸರಿಸುತ್ತಿದ್ದಳು. ಆದರೂ ವಿಚಿತ್ರವೆಂದರೆ, ಪಶ್ಚಾತ್ತಾಪ ಎಷ್ಟು ಹುಡುಕಿದರೂ ಸಿಗಲಿಲ್ಲ.

ಬುಧವಾರ ಬೆಳಿಗ್ಗೆ ದೊಡ್ಡ ಗಂಟೊಂದು ಬಾಗಿಲಲ್ಲಿ ತೂರಿಕೊಂಡು ಬಂತು. ಅದರ ಹಿಂದೆ ಏದುಸಿರು ಬಿಡುತ್ತಾ ವಕೀಲರ ಹೆಂಡತಿ. ಗಂಟನ್ನು ಮೇಜಿನ ಮೇಲೆ ಧೊಪ್ಪೆಂದು ಇಳಿಸಿ ಸೊಂಟಕ್ಕೆ ಕೈ ಕೊಟ್ಟು ನಿಂತರು.

“ಎರಡು ದಿನದಿಂದ ನಮ್ಮನೇಲಿ ಮೌನವ್ರತ. ನಿನ್ನೆ ಬಾಯಿ ಬಿಡಿಸಿದೆ. ಎಲ್ಲಾ ಹೇಳಿದ್ರು. ಈಗ ನಿಜ ಹೇಳಿ, ನನ್ನ ಬಟ್ಟೆ ಯಾರು ಹಾಕ್ಕೊಂಡಿದ್ರಿ?”

ಅಮ್ಮ ಪರದೆಯ ಕಡೆ ನೋಡಿದಳು. ಪರದೆಯ ಹಿಂದಿನಿಂದ ಅಕ್ಕ ಮೆಲ್ಲಗೆ ಮುಖ ತೋರಿಸಿದಳು. “ನಾನು, ಅಮ್ಮಾವ್ರೇ. ನೀಲಿದು. ಒಂದೇ ಸಲ... ಅಲ್ಲ, ಆಗಾಗ.”

ವಕೀಲರ ಹೆಂಡತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಒಪ್ಪುತ್ತಾ?”

“ತುಂಬಾ ಒಪ್ಪುತ್ತೆ.”

“ಹೊಟ್ಟೆ ಉರಿಸ್ಬೇಡ ಹೋಗೇ! ನನಗೆ ಯಾವತ್ತೂ ಒಪ್ಲಿಲ್ಲ ಅದು” ಎಂದು ಅವರು ನಕ್ಕುಬಿಟ್ಟರು. ಅಮ್ಮ ಗಂಟನ್ನು ಹತ್ತಿರಕ್ಕೆಳೆದುಕೊಂಡಳು. ಆಮೇಲೆ ಅವರು ಕಿರಿಯವಳ ಕಡೆ ತಿರುಗಿದರು. “ವಕೀಲ ಅಂತಲೇ ಇರಲಿ ಅಂತ ಹೇಳಿ ಕಳಿಸಿದ್ದಾರೆ. ಬಂದು ಹೇಳೋಕೆ ಮುಖ ಇಲ್ಲವಂತೆ. ಮೂಸಿ ನೋಡಿದ್ದನ್ನೂ ಬೇಕಾದ್ರೆ ಸೇರಿಸ್ಕೋ ಅಂದ್ರು.”

“ಅದನ್ನೂ ಹೇಳಿದ್ರಾ ನಿಮ್ಮ ಹತ್ರ?”

“ಅದನ್ನೇ ಮೊದಲು ಹೇಳಿದ್ದು.”

ಕಿರಿಯವಳಿಗೆ ವಕೀಲರ ಮೇಲಿದ್ದ ಕೋಪದ ಒಂದು ಪದರ ಕಳಚಿತು. ಎಲ್ಲವೂ ಅಲ್ಲ. ಇನ್ನೊಂದು ಕತೆಗೆ ಬೇಕಾಗುವಷ್ಟನ್ನು ಅವಳು ಜೋಪಾನ ಮಾಡಿ ಇಟ್ಟುಕೊಂಡಳು. ಗಂಟು ಬಿಚ್ಚಿದ ಅಮ್ಮ ಬಟ್ಟೆಗಳನ್ನು ತಿರುವಿ ಹಾಕಿ, “ಕೋಟು ಇಲ್ವಲ್ಲ ಅಮ್ಮಾವ್ರೇ?” ಅಂದಳು.

“ಅದಕ್ಕೆ ಇನ್ನೂ ಸ್ವಲ್ಪ ದಿನ ಬೇಕಂತೆ ಅವರಿಗೆ” ಎಂದರು ವಕೀಲರ ಹೆಂಡತಿ, ನಗು ತಡೆದುಕೊಂಡು.

“ಅವಸರವಿಲ್ಲ” ಎಂದಳು ಅಮ್ಮ, ತೋಳು ಮೇಲೇರಿಸಿಕೊಳ್ಳುತ್ತಾ. “ಕೊಳೆ ಆಗದೆ ಎಲ್ಲಿ ಹೋಗುತ್ತೆ? ಇಲ್ಲಿಗೇ ಬರಬೇಕು.”